ಜಂಬವಿಲ್ಲದ ಪ್ರಚಾರ

ಜಾಲತಾಣದಲ್ಲಿ ತನ್ನ ಕೆಲಸವನ್ನು ಪರಿಚಯಿಸುವವನು ವಿವರ ಕೊಡುತ್ತಾನೆ. ಜಂಬ ಕೊಚ್ಚುವವನು ಬರೀ ವಿಶೇಷಣ ಜೋಡಿಸುತ್ತಾನೆ. ಆತ್ಮಪ್ರಶಂಸೆಯ ಬಗ್ಗೆ ಕನ್ನಡಿಗರ ಮುಜುಗರ ಹಳೆಯದು. 12ನೇ ಶತಮಾನದಲ್ಲೇ ಬಸವಣ್ಣನವರು ಅದನ್ನು ಕಳವು, ಕೊಲೆ, ಹುಸಿಗಳ ಸಾಲಿನಲ್ಲಿಟ್ಟು ಬೇಡವೆಂದಿದ್ದರು.

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯಂಥ ಕಬ್ಬಿನ ಸೀಮೆಯ ಆಲೆಮನೆಗೆ ಈ ಮುಜುಗರ ದುಬಾರಿ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಮಂಡ್ಯದ ಪಾಲಿಗೆ ಬಂದಿರುವುದು ಬೆಲ್ಲ. ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲ ಹೊಂಬಣ್ಣಕ್ಕೆ ಹೊಳೆಯುತ್ತದೆ, ಹಾಕದ್ದು ಕಂದಾಗಿರುತ್ತದೆ. ಮಾಡಿದವನು ಸುಮ್ಮನಿದ್ದರೆ ಕೊಳ್ಳುವವರು ಹೊಳಪಿನ ಕಡೆಗೇ ಕೈ ಚಾಚುತ್ತಾರೆ. ಹೇಳಲೇಬೇಕು.

ಆದರೆ ‘ನಮ್ಮದೇ ನಂಬರ್ ಒನ್’ ಎಂಬ ಸ್ಟೇಟಸ್ಸನ್ನು ಯಾರೂ ನಂಬುವುದಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಬೆಂಡೆಯ ಲೋಳೆ ಬಿದ್ದೊಡನೆ ಮಡ್ಡಿ ನೊರೆಯಾಗಿ ಮೇಲೇಳುತ್ತದೆ. ಅದನ್ನು ಜಾಲರಿಯಿಂದ ಬಳಿದು ತೆಗೆಯುವ ಒಂದು ನಿಮಿಷದ ವಿಡಿಯೊ ಸಾಕು. ಜೊತೆಗೆ ಕಬ್ಬು ಯಾವೂರ ಗದ್ದೆಯದು, ಗಾಣಕ್ಕೆ ಯಾವತ್ತು ಬಂತು, ಕೆಜಿಗೆ ಎಷ್ಟು ಎಂಬುದಿರಲಿ. ಪಾಕದ ಹದ ನೋಡುವ ಕೆಲಸಗಾರರನ್ನು ಹೆಸರು ಹಿಡಿದು ನೆನೆದರೆ ‘ನಾನು’ ತಾನಾಗಿಯೇ ಹಿಂದೆ ಸರಿಯುತ್ತದೆ. ಕೊಂಡವರು ಮೆಚ್ಚಿ ಬರೆದದ್ದನ್ನು ಅವರ ಒಪ್ಪಿಗೆ ಕೇಳಿ, ತಿದ್ದದೆ ಹಾಕಬೇಕು. ಹದ ತಪ್ಪಿ ಅಚ್ಚು ಕಟ್ಟದ ದಿನದ ಬೆಲ್ಲವನ್ನೂ, ಅದರ ಕಾರಣವನ್ನೂ ತೋರಿಸಬೇಕು.