ಪಡುವಣಕ್ಕೊಂದು ಹಗಲು

ಕಾಪು ದೀಪಸ್ತಂಭದ ಬಾಗಿಲು ಹಾಕಿ ಹತ್ತು ನಿಮಿಷ ಕಳೆದಿತ್ತು. ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮನೆಯವರು ಬಂಡೆಯ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು. ಬೆಳಗ್ಗೆ ಮಲ್ಪೆ, ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ, ಆಮೇಲೆ ಕೃಷ್ಣಮಠ, ಮಣಿಪಾಲ, ನಡುವೆ ಗಡ್‌ಬಡ್ ಐಸ್‌ಕ್ರೀಮು, ಕೊನೆಗೆ ಕಾಪು. ಪಟ್ಟಿಯಲ್ಲಿದ್ದ ಒಂದನ್ನೂ ಬಿಟ್ಟಿರಲಿಲ್ಲ. ಆದರೆ ಏಳು ವರ್ಷದ ಸೊಸೆ ವಾರದಿಂದ ಹೇಳುತ್ತಿದ್ದುದು ಒಂದೇ: ಲೈಟ್‌ಹೌಸ್ ಹತ್ತಬೇಕು. "ಮಾವ, ಒಂದೇ ಒಂದ್ಸಲ ತೆಗೆಯೋಕೆ ಹೇಳು" ಎಂದು ನನ್ನ ಕೈ ಹಿಡಿದು ಎಳೆದಳು. ಹೇಳುವ ಹಾಗಿರಲಿಲ್ಲ. ವಾಪಸು ಹೋಗುವಾಗ ಗಾಡಿಯಲ್ಲಿ ಅವಳು ಮಾತೇ ಆಡಲಿಲ್ಲ.

ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದಿಷ್ಟು. ಕಾಪುವಿಗೆ ಒಂದು ದಿನಕ್ಕೆಂದು ಬರುವವರು ದಿನವನ್ನು ಸಂಜೆಯಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಇಲ್ಲಿ ದೀಪಸ್ತಂಭ ಹತ್ತಲು ಬಿಡುವುದು ಸಾಮಾನ್ಯವಾಗಿ ಸಂಜೆ ನಾಲ್ಕರ ನಂತರ, ಎರಡು ಗಂಟೆಯಷ್ಟು ಹೊತ್ತು. ನವೆಂಬರ್ ಕೊನೆಯಲ್ಲಿ ಆರು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಫೆಬ್ರವರಿಯಲ್ಲಿ ಆರೂವರೆ, ಮೇ ಮುಗಿಯುವಾಗ ಏಳರ ಹತ್ತಿರ. ಈ ಎರಡು ಗಡಿಯಾರಗಳನ್ನು ಮೊದಲು ಗೊತ್ತುಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗಿ ಸಾಲುಗೂಡುತ್ತದೆ.

ಸಾಲು ಯಾವುದು ಎನ್ನುವುದನ್ನು ಈ ಸೀಮೆಯ ಮಾತೇ ಹೇಳಿಕೊಡುತ್ತದೆ. ನಮ್ಮಲ್ಲಿ ಊರುಗಳ ಹೆಸರಿನಲ್ಲೇ ದಿಕ್ಕು ಇದೆ: ಮೂಡಲಿನದು ಮೂಡುಬಿದಿರೆ, ಕಡಲ ಬದಿಯದು ಪಡುಬಿದ್ರಿ. ತುಳುವಿನಲ್ಲಿ ಮೂಡಾಯಿ, ಪಡ್ಡಾಯಿ. ಮನೆಯೊಳಗೆ ಚಾಪೆ ಹಾಸುವಾಗಲೂ ಹಿರಿಯರು ಎಡ ಬಲ ಎನ್ನುವುದಿಲ್ಲ, ಮೂಡು ಪಡು ಎನ್ನುತ್ತಾರೆ. ಹಾಗಾಗಿ ಬೆಳಗ್ಗೆ ಘಟ್ಟದ ಬುಡದ ಕಾರ್ಕಳ, ಮಧ್ಯಾಹ್ನ ಉಡುಪಿ, ಸಂಜೆ ಕಾಪು. ಸೂರ್ಯ ಹೋದ ಕಡೆಗೇ ನಾವೂ ಹೋಗುವುದು.

ಕಾರ್ಕಳವನ್ನು ಬೆಳಗ್ಗೆಯೇ ನೋಡಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ, ಅದು ಅಂಗಾಲಿಗೆ ಸಂಬಂಧಪಟ್ಟದ್ದು. ಗೊಮ್ಮಟಬೆಟ್ಟ ಎಂದರೆ ಮರದ ನೆರಳಿಲ್ಲದ ಹಾಸುಬಂಡೆ. ಮೇಲೆ ಬರಿಗಾಲಲ್ಲಿ ಓಡಾಡಬೇಕು. ಹನ್ನೊಂದು ಗಂಟೆ ದಾಟಿದರೆ ಕಲ್ಲು ಕಾವಲಿಯಾಗುತ್ತದೆ. ಎಂಟು ಗಂಟೆಗೆ ಹೋದರೆ ರಾತ್ರಿಯ ತಂಪು ಇನ್ನೂ ಕಲ್ಲಿನಲ್ಲಿ ಇರುತ್ತದೆ, ಓರೆ ಬಿಸಿಲಿನಲ್ಲಿ ಬಾಹುಬಲಿಯ ತೋಳಿಗೆ ಹಬ್ಬಿದ ಬಳ್ಳಿ ಒಂದೊಂದೂ ಎದ್ದು ಕಾಣುತ್ತದೆ. 42 ಅಡಿಯ ಈ ಏಕಶಿಲಾ ಮೂರ್ತಿಯನ್ನು ವೀರಪಾಂಡ್ಯ ಭೈರರಸ ನಿಲ್ಲಿಸಿದ್ದು 1432ರಲ್ಲಿ. ಎದುರಿನ ಬ್ರಹ್ಮಸ್ತಂಭ ನಾಲ್ಕು ವರ್ಷ ಆಮೇಲಿನದು. ಇಷ್ಟು ದೊಡ್ಡ ಕಲ್ಲನ್ನು ಬೆಟ್ಟದ ಮೇಲಕ್ಕೆ ಹೇಗೆ ತಂದರು ಎಂದು ಮಕ್ಕಳು ಕೇಳದೆ ಇರುವುದಿಲ್ಲ. ಬಂಡಿ ಕಟ್ಟಿ, ಜನ ಸೇರಿ ಎಳೆದು ತಂದರೆಂದು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ. ಬೆಟ್ಟದ ಏರು ನೋಡಿದ ಮೇಲೆ ಆ ಮಾತು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಳೆದ ಬಾರಿ ಆದದ್ದು 2015ರಲ್ಲಿ.

ಬೆಟ್ಟ ಇಳಿದವರು ಎದುರಿನ ಚತುರ್ಮುಖ ಬಸದಿಗೆ ಹೋಗದೆ ಗಾಡಿ ಹತ್ತುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಇಮ್ಮಡಿ ಭೈರರಸ 1586ರಲ್ಲಿ ಕಟ್ಟಿಸಿದ್ದು. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲು, ಒಳಗೂ ಹೊರಗೂ ಸೇರಿ 108 ಕಂಬ. ಯಾವ ಬಾಗಿಲಿನಿಂದ ಒಳಗೆ ಹೋದರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು ಒಂದೇ ರೀತಿ ನಿಂತಿರುತ್ತಾರೆ. ಎಲ್ಲಿಂದ ಬಂದೆ ಎನ್ನುವುದು ಅಲ್ಲಿ ಮುಖ್ಯವಾಗುವುದಿಲ್ಲ. ಜಗಲಿಯಲ್ಲಿ ಕಂಬಕ್ಕೆ ಒರಗಿ ಹತ್ತು ನಿಮಿಷ ಕೂತು, ಈಗಷ್ಟೇ ಇಳಿದು ಬಂದ ಗೊಮ್ಮಟನನ್ನು ದೂರದಿಂದ ಇನ್ನೊಮ್ಮೆ ನೋಡಿ. ಹೊತ್ತಿದ್ದರೆ ಪೇಟೆಯ ವೆಂಕಟರಮಣ ದೇವಸ್ಥಾನ. ಇದಕ್ಕೆ ಪಡುತಿರುಪತಿ ಎಂದು ಹೆಸರು, ಅಲ್ಲೂ ಪಡುವಣವೇ. ಅತ್ತೂರು ಇಗರ್ಜಿಗೆ ಹರಕೆ ಇದ್ದವರು ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಬೇಕು. ಹತ್ತೂವರೆಗೆ ಕಾರ್ಕಳ ಬಿಡಲೇಬೇಕು.

ಉಡುಪಿಗೆ ಹಿರಿಯಡ್ಕದ ಮೇಲೆ ಮೂವತ್ತೆಂಟು ಕಿಲೋಮೀಟರ್, ಒಂದು ಗಂಟೆಯ ದಾರಿ. ಮಣಿಪಾಲ ದಾರಿಯಲ್ಲೇ ಸಿಗುತ್ತದೆ. ಟಿ.ಎಂ.ಎ. ಪೈಯವರು 1953ರಲ್ಲಿ ವೈದ್ಯಕೀಯ ಕಾಲೇಜು ತೆರೆಯುವಾಗ ಬೋಳುಗುಡ್ಡವಾಗಿದ್ದ ಜಾಗ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮರಳಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇರುವುದೂ ಇಲ್ಲೇ. ಅದನ್ನು ಅವಸರದಲ್ಲಿ ನೋಡುವುದು ಆ ಕೆಲಸಕ್ಕೆ ಮಾಡುವ ಅನ್ಯಾಯ. ಈ ಹಗಲಿನಲ್ಲಿ ಮಣಿಪಾಲವನ್ನು ದಾಟಿ ಹೋಗಿ, ಅದಕ್ಕೆಂದೇ ಇನ್ನೊಮ್ಮೆ ಬನ್ನಿ. ಸೇಂಟ್ ಮೇರೀಸ್ ದ್ವೀಪಕ್ಕೂ ಇದೇ ಮಾತು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ಕಂಬಗಳು ಅಲ್ಲಿವೆ. ದೋಣಿಗೆ ಕಾಯುವುದು, ಹೋಗುವುದು, ಬರುವುದು ಎಂದು ಅರ್ಧ ದಿನ ಬೇಕು. ಅಕ್ಕನ ಮನೆಯವರ ಸಂಜೆಯನ್ನು ನುಂಗಿದ್ದೂ ಆ ಅರ್ಧ ದಿನವೇ.

ಉಡುಪಿಯಲ್ಲಿ ರಥಬೀದಿ. ದರ್ಶನದ ಸಾಲು ಉದ್ದವಿದ್ದರೆ ಮೊದಲು ಅನಂತೇಶ್ವರ, ಚಂದ್ರಮೌಳೀಶ್ವರ ಗುಡಿಗಳಿಗೆ ಹೋಗಿ ಬನ್ನಿ. ಗಂಡಸರು ಅಂಗಿ ತೆಗೆಯಬೇಕು, ಅದಕ್ಕೊಂದು ಕೈಚೀಲ ಇರಲಿ. ಎಂಟು ಮಠಗಳು ಸರದಿಯಂತೆ ಎರಡೆರಡು ವರ್ಷ ಪೂಜೆ ಮಾಡುವ ಕ್ರಮ ವಾದಿರಾಜರ ಕಾಲದ್ದು. ಅದಕ್ಕೂ ಮೊದಲು ಸರದಿ ಎರಡು ತಿಂಗಳಿನದಾಗಿತ್ತು. ಸಮ ಸಂಖ್ಯೆಯ ವರ್ಷಗಳಲ್ಲಿ, ಸರದಿ ಕೈ ಬದಲಾಗುವ ಜನವರಿ 18ರ ಪರ್ಯಾಯಕ್ಕೆ ಬರುವುದಿದ್ದರೆ ಕಾಪುವನ್ನು ಮರೆತುಬಿಡಿ, ಅದೇ ಬೇರೆ ದಿನ.

ಕೃಷ್ಣನನ್ನು ನವಗ್ರಹ ಕಿಂಡಿಯ ಒಂಬತ್ತು ತೂತುಗಳಲ್ಲಿ ನೋಡುತ್ತೇವೆ. ಅವನು ನಿಂತಿರುವುದು ಪಡುವಣಕ್ಕೆ ಮುಖ ಮಾಡಿ. ಕನಕದಾಸರಿಗಾಗಿ ತಿರುಗಿದನೆಂದು ಕತೆ, ಹೊರಗೆ ಕನಕನ ಕಿಂಡಿ ಇದೆ. ಅವನು ಇಲ್ಲಿಗೆ ಬಂದದ್ದೂ ಕಡಲ ದಾರಿಯಲ್ಲಿ. ದ್ವಾರಕೆಯಿಂದ ಬರುತ್ತಿದ್ದ ಹಡಗು ಮಲ್ಪೆಯ ಹತ್ತಿರ ಬಿರುಗಾಳಿಗೆ ಸಿಕ್ಕಾಗ ಮಧ್ವಾಚಾರ್ಯರು ಬಟ್ಟೆ ಬೀಸಿ ದಡ ಸೇರಿಸಿದರು, ನಾವಿಕ ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಮೂರ್ತಿ ಇತ್ತು ಎನ್ನುವುದು ಇಲ್ಲಿನವರ ನಂಬಿಕೆ. ದಡದಲ್ಲಿ ನಿಂತವರೊಬ್ಬರು ಹಡಗಿಗೆ ದಾರಿ ತೋರಿಸಿದ ಈ ಕತೆಯನ್ನು ಮಕ್ಕಳಿಗೆ ಮಠದಲ್ಲೇ ಹೇಳಿಬಿಡಿ, ಸಂಜೆ ದೀಪಸ್ತಂಭದ ಕೆಳಗೆ ಅವರೇ ನೆನಪು ಮಾಡುತ್ತಾರೆ.

ಊಟ ಮಠದ ಭೋಜನಶಾಲೆಯಲ್ಲಾದರೆ ಒಳ್ಳೆಯದು. ಹೊರಗೆ ಗೋಳಿಬಜೆ, ಬನ್ಸ್ ತಿನ್ನುವುದಾದರೆ ರಥಬೀದಿಯ ಮಿತ್ರ ಸಮಾಜ. ಮೀನು ಬೇಕಾದವರು ಕಾಪುವಿನ ದಾರಿಗೆ ಬರುವವರೆಗೆ ತಡೆದುಕೊಳ್ಳಲಿ. ಹೆದ್ದಾರಿಯ ಬದಿಯ ಊಟದ ಹೋಟೆಲುಗಳಲ್ಲಿ ಬಂಗುಡೆ, ಬೂತಾಯಿ, ಕಾಣೆ ಸಿಗುತ್ತವೆ. ಎರಡೂವರೆಗೆ ಹೊರಡಿ.

ಉಡುಪಿಯಿಂದ ಕಾಪು ಹದಿಮೂರೇ ಕಿಲೋಮೀಟರ್. ಆದರೆ ನಡುವಿನ ಕಟಪಾಡಿಯಲ್ಲಿ ಒಂದು ನಿಮಿಷ ನಿಲ್ಲಬೇಕು. ಅಲ್ಲಿಂದ ಪಡುವಕ್ಕೆ ಮಟ್ಟು, ಮೂಡಕ್ಕೆ ಶಂಕರಪುರ. ಮಟ್ಟುವಿನ ಗುಳ್ಳ ಎಂದರೆ ಗುಂಡಗಿನ ಹಸಿರು ಬದನೆ, ಮೈಮೇಲೆ ಬಿಳಿ ಗೆರೆ. ವಾದಿರಾಜರು ಕೊಟ್ಟ ಬೀಜವೆಂದು ಊರಿನವರು ನಂಬುತ್ತಾರೆ. 2011ರಲ್ಲಿ ಜಿಐ ಟ್ಯಾಗ್ ಬಂತು. ಒಂದೆರಡು ಕಿಲೋ ಕಟ್ಟಿಸಿಕೊಂಡರೆ ಮನೆಯಲ್ಲಿ ಎರಡು ದಿನ ಹುಳಿ. ಶಂಕರಪುರದ್ದು ಮಲ್ಲಿಗೆ. ನಸುಕಿನಲ್ಲಿ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. ಲೆಕ್ಕ ಮೊಳದಲ್ಲಲ್ಲ: 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಚೆಂಡೊಂದಕ್ಕೆ ಎಂಟುನೂರು ಸಲ ಬೆರಳು ಆಡಿರುತ್ತದೆ ಎಂದು ನೆನಪಿಟ್ಟುಕೊಂಡವರು ಚೌಕಾಸಿ ಮಾಡುವುದಿಲ್ಲ.

ಮೂರೂವರೆಗೆ ಕಾಪು. ಪೇಟೆಯಲ್ಲಿ ಮಾರಿಗುಡಿ. 2025ರಲ್ಲಿ ಬ್ರಹ್ಮಕಲಶೋತ್ಸವವಾದ ಹೊಸ ಮಾರಿಗುಡಿಗೆ ಇಳಕಲ್ಲಿನ ಕೆಂಪು ಶಿಲೆ ಬಳಸಿದ್ದಾರೆ. ಇಳಿಬಿಸಿಲಿನಲ್ಲಿ ಅದರ ಬಣ್ಣ ನೋಡಬೇಕು. ಸುಗ್ಗಿ, ಆಟಿ, ಜಾರ್ದೆ ತಿಂಗಳ ಮಾರಿಪೂಜೆಯ ದಿನಗಳಲ್ಲಿ ಹೆದ್ದಾರಿಯೇ ತುಂಬಿಹೋಗುತ್ತದೆ. ಕಡಲಿಗೆಂದು ಬರುವವರು ಆ ದಿನ ಬಿಡಿ, ಮಾರಿಯಮ್ಮನಿಗೆಂದು ಬರುವವರು ಆ ದಿನವೇ ಬನ್ನಿ. ಎರಡು ವರ್ಷಕ್ಕೊಮ್ಮೆ ಆಗುವ ಪಿಲಿಕೋಲ, ಅಂದರೆ ಹುಲಿ ದೈವದ ಕೋಲವೂ ಈ ಊರಿನದೇ.

ಹೆದ್ದಾರಿಯಿಂದ ಪಡುವಕ್ಕೆ ತುಸು ದೂರ ಹೋದರೆ ತೆಂಗಿನ ತೋಟ ಮುಗಿದು ಕಡಲು. ಬಂಡೆಯ ಮೇಲೆ 1901ರ ದೀಪಸ್ತಂಭ, ಎತ್ತರ ಸುಮಾರು 27 ಮೀಟರ್. ಮೈಮೇಲಿನ ಕಪ್ಪು ಬಿಳಿ ಪಟ್ಟಿ ಅಲಂಕಾರಕ್ಕಲ್ಲ. ಹಗಲಲ್ಲಿ ದೀಪ ಇರುವುದಿಲ್ಲ, ಆಗ ನಾವಿಕರಿಗೆ ಇದು ಯಾವ ಊರೆಂದು ಹೇಳುವುದು ಬಣ್ಣ. ರಾತ್ರಿ ಹೇಳುವುದು ಮಿನುಗಿನ ಲೆಕ್ಕ. ಒಂದೊಂದು ದೀಪಸ್ತಂಭಕ್ಕೂ ಅದರದೇ ಲಯ, ಪಕ್ಕದ ದೀಪದೊಂದಿಗೆ ಗೊಂದಲವಾಗದಂತೆ ಗೊತ್ತುಮಾಡಿದ್ದು.

ಐದು ಗಂಟೆಗೆ ಮುಂಚೆ ಹತ್ತಿಬಿಡಿ. ಸೂರ್ಯ ಮುಳುಗುವುದನ್ನು ಮೇಲಿಂದಲೇ ನೋಡುತ್ತೇನೆಂದು ಕಾದವರಿಗೆ ಇಳಿಯಿರಿ ಎಂಬ ಕೂಗು ಮೊದಲು ಕೇಳುತ್ತದೆ. ಮೆಟ್ಟಿಲು ಇಕ್ಕಟ್ಟು, ಮಂಡಿ ನೋವಿರುವ ಹಿರಿಯರು ಕೆಳಗೆ ಬಂಡೆಯ ಮೇಲೆ ಕೂರಲಿ, ಅಲ್ಲಿಂದ ಕಾಣುವುದೂ ಕಡಿಮೆಯಲ್ಲ.

ಕಾಪುವಿನಲ್ಲಿ ನೀರಿಗಿಳಿಯುವ ಬಗ್ಗೆ ನನಗೆ ಕಟ್ಟುನಿಟ್ಟಾದ ಅಭಿಪ್ರಾಯವಿದೆ: ಕಾಲು ನೆನೆಸಿ, ಅಷ್ಟೇ. ಪಾಚಿ ಹಿಡಿದ ಬಂಡೆಗೆ ಬರಿಗಾಲಾಗಲಿ ಚಪ್ಪಲಿಯಾಗಲಿ ನಿಲ್ಲುವುದಿಲ್ಲ. ಅಕ್ಕಪಕ್ಕ ತೆರೆ ಒಡೆಯುತ್ತಿರುವಾಗ ನಡುವೆ ಒಂದು ಓಣಿಯಷ್ಟು ನೀರು ಸುಮ್ಮನೆ ಕಂಡರೆ ಅದು ಶಾಂತ ಜಾಗವಲ್ಲ, ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ. ಆ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಗುದ್ದಾಡಿದರೆ ಸೋಲುತ್ತಾರೆ. ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರ ನಿಂತೇ ನೋಡುವ ಕಡಲು ಇದು. ಸ್ನಾನ ಮಾಡಲೇಬೇಕೆಂದರೆ ದಕ್ಷಿಣಕ್ಕೆ ಪಡುಬಿದ್ರಿ ಇದೆ, 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ತೀರ. ಉಬ್ಬರ ಇಳಿತ ದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತಿರುತ್ತದೆ, ನಿನ್ನೆಯ ಮರಳು ಇವತ್ತು ಅದೇ ಹೊತ್ತಿಗೆ ಸಿಗುವುದಿಲ್ಲ. ದೋಣಿಯ ಬಳಿ ಬಲೆ ಸರಿಮಾಡುತ್ತಿರುವ ಮೊಗವೀರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ಮತ್ತೆ ಬಂದಳು. ಈ ಸಲ ಪಟ್ಟಿ ಇರಲಿಲ್ಲ. ಬೆಳಗ್ಗೆ ಗೊಮ್ಮಟ, ಮಧ್ಯಾಹ್ನ ಮಠದ ಊಟ, ನಾಲ್ಕೂವರೆಗೆ ನಾವು ದೀಪಸ್ತಂಭದ ತುದಿಯಲ್ಲಿದ್ದೆವು. ಕೆಳಗೆ ಬಂಡೆಗೆ ತೆರೆ ಒಡೆದು ನೊರೆ ಏಳುತ್ತಿತ್ತು. ಸೊಸೆ ಕಡಲನ್ನು ಒಂದು ಗಳಿಗೆ ನೋಡಿದಳು, ಆಮೇಲೆ ಕಂಬಿ ಹಿಡಿದುಕೊಂಡು ಮೂಡಕ್ಕೆ ಬಂದಳು. ತೆಂಗಿನ ತಲೆಗಳ ಆಚೆ, ಮಸುಕು ನೀಲಿಯಲ್ಲಿ ಘಟ್ಟದ ಸಾಲು. ಕುದುರೆಯ ಮುಖದಂಥ ಆ ಶಿಖರವೇ ಹಿಂದೆ ಕಡಲಲ್ಲಿ ಹೋಗುವವರಿಗೆ ಗುರುತು ಎಂದೆ. "ಹಾಗಾದ್ರೆ ಗೊಮ್ಮಟ ಅಲ್ಲೇ ಇದಾನಾ ಮಾವ, ಅದರ ಕೆಳಗೆ?" ಅಲ್ಲೇ, ಅದರ ಕೆಳಗೆ.

ಸೂರ್ಯ ಮುಳುಗುವಾಗ ಮರಳ ಮೇಲೆ ಕೂತಿದ್ದೆವು. ಕತ್ತಲಾಗುತ್ತಿದ್ದಂತೆ ಮೇಲೆ ದೀಪ ಹತ್ತಿತು. ಅವಳು ಎದ್ದು ನಿಂತು, ಒಂದು ಮಿನುಗಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತೆಂದು ಬೆರಳು ಮಡಚಿ ಎಣಿಸತೊಡಗಿದಳು. ಉಡುಪಿ ಬಸ್ಸಿಗೆಂದು ಹೆದ್ದಾರಿಗೆ ನಡೆದುಕೊಂಡು ಬರುವಾಗಲೂ ತಿರುಗಿ ತಿರುಗಿ ನೋಡಿ ಎಣಿಸುತ್ತಲೇ ಇದ್ದಳು.