ಮೂರನೇ ಸಲ ನೀಟ್ ಬರೀಬೇಕಾ, ಅಂಬುಲೆನ್ಸ್ ಹತ್ತಬೇಕಾ?

ರಾಯಬಾಗದಿಂದ ಒಬ್ಬ ಕೇಳುಗ ವಾಯ್ಸ್ ಮೆಸೇಜ್ ಕಳಿಸ್ಯಾನ: "ಅಣ್ಣಾ, ಎರಡು ಸಲ ನೀಟ್ ಬರದೆ, ಸರ್ಕಾರಿ ಸೀಟ್ ಸಿಗಲಿಲ್ಲ. ಮತ್ತ ಬರೀಲೋ, ಪ್ಯಾರಾಮೆಡಿಕಲ್ ಸೇರ್ಲೋ?" ನಾನು ಬಿ.ಕಾಂ. ಓದಿದಾವ, ಹಂಗಾಗಿ ಮೊದಲು ಲೆಕ್ಕ ನೋಡೂಣು.

ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ತಜ್ಞ ಆಗಬೇಕಂದ್ರ ಮತ್ತ ಮೂರು ವರ್ಷ. ಕೋಚಿಂಗಿಗೆ ಹೋದ ವರ್ಷ ಬ್ಯಾರೆ. ಪಿಯುಸಿ ಸೈನ್ಸ್ ಆದವರಿಗೆ ಪ್ಯಾರಾಮೆಡಿಕಲ್ ಡಿಪ್ಲೊಮಾ ಸುಮಾರು ಎರಡು ವರ್ಷದಾಗ ಮುಗಿತೈತಿ.

ಆದ್ರ ಇಲ್ಲೊಂದು ಗೊಂದಲ ಐತಿ. ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ಟೆಕ್ನಿಷಿಯನ್ ಎಲ್ಲಾರೂ ಪ್ಯಾರಾಮೆಡಿಕಲ್‌ನವರ. ಅಂಬುಲೆನ್ಸಿನಾಗ ಬರೋರು ಇಎಂಟಿ. ಕೋರ್ಸಿನ ಹೆಸರು ಸರಿಯಾಗಿ ಓದೇ ಫೀ ಕಟ್ರಿ.

ಕರ್ನಾಟಕದಾಗ 108 ಸೇವೆ ಶುರುವಾಗಿದ್ದು 2008ರಾಗ. ನಿಪ್ಪಾಣಿ ಹೈವೇದಾಗ ಅಪಘಾತ ಆತಂದ್ರ ಗಾಯಾಳುವನ್ನ ಮೊದಲು ನೋಡಾವ ಬಹಳ ಸಲ ಇಎಂಟಿನ. ರಕ್ತ ನಿಲ್ಲಿಸ್ತಾನ, ಆಕ್ಸಿಜನ್ ಕೊಡ್ತಾನ, ಮುರಿದ ಕಾಲು ಅಲುಗಾಡದಂಗ ಕಟ್ಟತಾನ, ಫೋನಿನಾಗ ಡಾಕ್ಟರ್ ಸಲಹೆ ಕೇಳ್ತಾನ. ಬೆಳಗಾವಿ ದೊಡ್ಡಾಸ್ಪತ್ರೆ ಮುಟ್ಟೂತನಕ ಜೀವ ಅವನ ಕೈಯಾಗ. ಆಪರೇಷನ್ ಮಾತ್ರ ಅವನ ಕೆಲಸ ಅಲ್ಲ. ಸಂಬಳ? 108 ಸಿಬ್ಬಂದಿ ಅದಕ್ಕಾಗಿ ಹೋರಾಟ ಮಾಡಿದ್ದು ನೀವೂ ಸುದ್ದ್ಯಾಗ ಓದಿರ್ತೀರಿ.

ಇನ್ನೊಂದು ಮಾತು, ಎಷ್ಟು ವರ್ಷ ದುಡಿದ್ರೂ ಅನುಭವದ ಮ್ಯಾಲ ಡಾಕ್ಟರ್ ಆಗಾಕ ಬರಂಗಿಲ್ಲ, ನೀಟ್ ಬರೀಲೇಬೇಕು. ಅದಕ್ಕ 2022ರಿಂದ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಕನ್ನಡದಾಗೂ ಬರೀಬಹುದು.

ನನ್ನ ಕೇಳಿದ್ರ, ಎರಡನೇ ಸಲ ಕಟಾಫ್ ಹತ್ರ ಬಂದಿದ್ರ ಇನ್ನೊಂದು ವರ್ಷ ಕೊಡು. ಭಾಳ ದೂರ ಇದ್ರ ಕೋರ್ಸ್ ಸೇರು. ಹೊಲ ಮಾರಿ ಪ್ರೈವೇಟ್ ಸೀಟ್ ಮಾತ್ರ ಬ್ಯಾಡ. ಎರಡೂ ಸಲದ ಮಾರ್ಕ್ಸ್ ಕಳಿಸು ತಮ್ಮಾ, ಕೂತು ನೋಡೂಣು.