ಗೊಬ್ಬರ ಹೊತ್ತ ಉಕ್ಕಿನ ಹಾಯಿಹಡಗುಗಳು

ಆವಿಯಂತ್ರ ಬಂದ ಕೂಡಲೇ ಹಾಯಿಹಡಗುಗಳು ಮೂಲೆಗುಂಪಾದವು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಸರಕು ಸಾಗಿಸಿದ ಅತಿ ದೊಡ್ಡ ಹಾಯಿಹಡಗುಗಳು ನೀರಿಗಿಳಿದದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ. 1902ರಲ್ಲಿ ಹ್ಯಾಂಬರ್ಗಿನ ಲೈಸ್ ಕಂಪನಿಗಾಗಿ ಕಟ್ಟಿದ 'ಪ್ರಾಯ್ಸೆನ್' ಹಡಗಿಗೆ ಐದು ಕೂವೆಕಂಬಗಳಿದ್ದವು. ಉದ್ದ 147 ಮೀಟರ್, ಹೊರುತ್ತಿದ್ದ ಸರಕು ಸುಮಾರು 8,000 ಟನ್. ಇಷ್ಟು ಭಾರವನ್ನು ಸಾಗರ ದಾಟಿಸುತ್ತಿದ್ದುದು ಬರೀ ಗಾಳಿ.

ಇದು ಹಳೆಯ ತಂತ್ರಜ್ಞಾನದ ಕೊನೆಯುಸಿರಾಗಿರಲಿಲ್ಲ, ಅಂದಿನ ಹೊಸ ಎಂಜಿನಿಯರಿಂಗ್ ಆಗಿತ್ತು. ಮರದ ಹಡಗನ್ನು ಇಷ್ಟುದ್ದ ಕಟ್ಟಿದರೆ ಅಲೆಗಳ ಮೇಲೆ ಅದರ ಬೆನ್ನು ಬಾಗುತ್ತದೆ, ಹಲಗೆಗಳ ಸಂದಿಯಲ್ಲಿ ನೀರು ನುಗ್ಗುತ್ತದೆ. ಉಕ್ಕು ಆ ಮಿತಿಯನ್ನು ತೆಗೆದುಹಾಕಿತು. ಒಡಲು, ಕೂವೆಕಂಬ, ಹಾಯಿ ಕಟ್ಟುವ ಅಡ್ಡತೊಲೆ ಎಲ್ಲವೂ ಉಕ್ಕಿನವು. ಕಂಬಗಳನ್ನು ಬಿಗಿದು ಹಿಡಿದದ್ದೂ ಉಕ್ಕಿನ ತಂತಿಹಗ್ಗಗಳೇ.

ಗಾಳಿ ದಿಕ್ಕು ಬದಲಿಸಿದಾಗಲೆಲ್ಲ ಅಡ್ಡತೊಲೆಗಳನ್ನು ತಿರುಗಿಸಬೇಕು. ಮೊದಲು ಇದಕ್ಕೆ ನಾವಿಕರ ದೊಡ್ಡ ಗುಂಪೇ ಹಗ್ಗ ಜಗ್ಗಬೇಕಿತ್ತು. ಸ್ಕಾಟ್ಲೆಂಡಿನ ಕ್ಯಾಪ್ಟನ್ ಜಾರ್ವಿಸ್ ಇದಕ್ಕೊಂದು ಕೈರಾಟೆ ರೂಪಿಸಿದ. ತೊಲೆ ತಿರುಗುವಾಗ ಒಂದು ತುದಿಯ ಹಗ್ಗ ಸುತ್ತಿಕೊಳ್ಳಬೇಕು, ಇನ್ನೊಂದು ತುದಿಯದು ಬಿಚ್ಚಿಕೊಳ್ಳಬೇಕು. ಆದರೆ ಎರಡರ ಅಳತೆ ಸಮನಾಗಿರುವುದಿಲ್ಲ, ತೊಲೆಯ ಕೋನ ಬದಲಾದಂತೆ ಅದೂ ಬದಲಾಗುತ್ತದೆ. ಅದಕ್ಕಾಗಿ ಜಾರ್ವಿಸ್ ರಾಟೆಯ ಉರುಳೆಗಳನ್ನು ಶಂಕುವಿನಾಕಾರದಲ್ಲಿ ಮಾಡಿದ. ಹಗ್ಗ ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ ಸರಿಯುತ್ತ ಆ ವ್ಯತ್ಯಾಸವನ್ನು ತಾನೇ ಸರಿದೂಗಿಸುತ್ತಿತ್ತು. ಹಿಡಿ ತಿರುಗಿಸಲು ಮೂರ್ನಾಲ್ಕು ಜನ ಸಾಕಾಯಿತು. ಲೆಕ್ಕಾಚಾರದಲ್ಲಿ ಇಷ್ಟು ಚೊಕ್ಕವಾದ ಸಾಧನಕ್ಕೆ ಸಿಗಬೇಕಾದ ಹೆಸರು ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. 'ಪ್ರಾಯ್ಸೆನ್' ಐವತ್ತಕ್ಕೂ ಕಡಿಮೆ ಜನರಿಂದ ನಡೆಯುತ್ತಿತ್ತು.

ಈ ಹಡಗುಗಳನ್ನು ಸಾಕಿದ್ದು ಗೊಬ್ಬರ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಅಗೆದ ಸೋಡಿಯಂ ನೈಟ್ರೇಟ್ ಯುರೋಪಿನ ಹೊಲಗಳಿಗೂ ಸಿಡಿಮದ್ದಿನ ಕಾರ್ಖಾನೆಗಳಿಗೂ ಬೇಕಿತ್ತು. ಅಷ್ಟು ದೂರ ಹೋಗುವ ಆವಿಹಡಗು ಸರಕಿನ ಜಾಗದಲ್ಲಿ ಕಲ್ಲಿದ್ದಲು ಹೊರಬೇಕು, ಗಾಳಿಗೆ ದುಡ್ಡು ಕೊಡಬೇಕಿಲ್ಲ. ನೈಟ್ರೇಟ್ ಕೊಳೆಯುವ ಸರಕೂ ಅಲ್ಲ, ಹತ್ತು ದಿನ ತಡವಾದರೂ ನಷ್ಟವಿಲ್ಲ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಬಳಿ ಎದುರು ಬೀಸುವ ಪಶ್ಚಿಮದ ಬಿರುಗಾಳಿಯನ್ನು ಮೀರಿ ಹೋಗುವುದೇ ನಿಜವಾದ ಪರೀಕ್ಷೆ.

ಇಕೀಕೆ ಬಂದರಿನಲ್ಲಿ ಚೀಲಗಳು ದೋಣಿಗಳಲ್ಲಿ ಬಂದು ಹಡಗಿಗೇರುತ್ತಿದ್ದವು. ಅವುಗಳನ್ನು ಒಡಲ ತುಂಬ ಸಮನಾಗಿ ಹರಡುತ್ತಿರಲಿಲ್ಲ, ಮೇಲಕ್ಕೆ ಹೋದಂತೆ ಕಿರಿದಾಗುವ ರಾಶಿಯಾಗಿ ಬಿಗಿಯಾಗಿ ಜೋಡಿಸುತ್ತಿದ್ದರು. ನೈಟ್ರೇಟ್ ಬಲು ಭಾರ. ಅದೆಲ್ಲ ತಳದಲ್ಲೇ ಕೂತರೆ ವಾಲಿದ ಹಡಗು ಝಾಡಿಸಿದಂತೆ ನೆಟ್ಟಗಾಗುತ್ತದೆ, ಆ ಕುಲುಕಿಗೆ ಕೂವೆಕಂಬವೇ ಮುರಿಯಬಹುದು. ಭಾರದ ಕೇಂದ್ರ ಕೊಂಚ ಮೇಲಕ್ಕೇರಿದರೆ ಓಲಾಟ ನಿಧಾನವಾಗುತ್ತದೆ.

ನವೆಂಬರ್ 1910ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ 'ಬ್ರೈಟನ್' ಎಂಬ ಆವಿಹಡಗು 'ಪ್ರಾಯ್ಸೆನ್'ನ ವೇಗವನ್ನು ಕಡಿಮೆಯೆಂದು ಅಂದಾಜಿಸಿ ಅದರ ಮುಂದೆ ದಾಟಲು ಹೋಗಿ ಡಿಕ್ಕಿಯಾಯಿತು. ಜಖಂಗೊಂಡ ದೈತ್ಯ ಬಿರುಗಾಳಿಗೆ ಸಿಕ್ಕಿ ಡೋವರ್ ಬಳಿಯ ಬಂಡೆಗಳಿಗೆ ಬಡಿಯಿತು. ಜನರೇನೋ ಉಳಿದರು, ಹಡಗು ಉಳಿಯಲಿಲ್ಲ.

ಇಡೀ ಉದ್ಯಮಕ್ಕೆ ಪೆಟ್ಟು ಕೊಟ್ಟದ್ದು ಮಾತ್ರ ಆವಿಯೊಂದೇ ಅಲ್ಲ. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಹೇಬರ್-ಬಾಷ್ ವಿಧಾನದ ಕಾರ್ಖಾನೆ ಶುರುವಾಯಿತು. ಗಾಳಿಯಲ್ಲಿನ ಸಾರಜನಕದಿಂದಲೇ ಅಮೋನಿಯಾ, ಅದರಿಂದ ಗೊಬ್ಬರ! ಮರುವರ್ಷ ಪನಾಮಾ ಕಾಲುವೆ ತೆರೆಯಿತು, ಮಹಾಯುದ್ಧವೂ ಬಂತು. ಮುಂದಿನ ದಶಕಗಳಲ್ಲಿ ಚಿಲಿಯ ಗೊಬ್ಬರಕ್ಕೆ ಬೇಡಿಕೆ ಕುಸಿಯಿತು.

ಫಿನ್ಲೆಂಡಿನ ಆಲಂಡ್ ದ್ವೀಪದ ಗುಸ್ತಾಫ್ ಎರಿಕ್ಸನ್ ಇಂಥ ಹಡಗುಗಳನ್ನು ಅಗ್ಗಕ್ಕೆ ಕೊಂಡು ಆಸ್ಟ್ರೇಲಿಯಾದ ಗೋಧಿ ಸಾಗಿಸಿದ. ಕೆಲಸ ಕಲಿಯಲು ತಾವೇ ಹಣ ತೆತ್ತು ಬರುವ ಹುಡುಗರಿದ್ದುದರಿಂದ ಅವನ ಲೆಕ್ಕ ಕೂಡಿಬರುತ್ತಿತ್ತು. ಅವನು 1947ರಲ್ಲಿ ತೀರಿಕೊಂಡ. ಅವನ ಬಳಗದ 'ಪಾಮೀರ್' 1949ರಲ್ಲಿ ಸರಕು ಹೊತ್ತು ಕೇಪ್ ಹಾರ್ನ್ ಸುತ್ತಿದ ಕೊನೆಯ ಹಾಯಿಹಡಗಾಯಿತು.

ಸೆಪ್ಟೆಂಬರ್ 21, 1957. ಅರ್ಜೆಂಟೀನಾದಿಂದ ಬಾರ್ಲಿ ಹೊತ್ತು ಜರ್ಮನಿಗೆ ಹೊರಟಿದ್ದ 'ಪಾಮೀರ್' ಅಟ್ಲಾಂಟಿಕ್‌ನಲ್ಲಿ ಕ್ಯಾರಿ ಚಂಡಮಾರುತಕ್ಕೆ ಸಿಕ್ಕಿತು. ಈ ಸಲ ಸರಕಿನ ಬಹುಪಾಲು ಚೀಲದಲ್ಲಿರಲಿಲ್ಲ, ಬಿಡಿ ಕಾಳಾಗಿ ಸುರಿದದ್ದು. ಹಡಗು ವಾಲಿದಾಗ ಕಾಳು ಒಂದೇ ಪಕ್ಕಕ್ಕೆ ಜಾರಿತು, ಹಡಗು ಮತ್ತೆ ನೆಟ್ಟಗಾಗಲಿಲ್ಲ. 86 ಜನರಲ್ಲಿ ಬದುಕಿದವರು 6. ಕೆಲವೇ ವಾರಗಳಲ್ಲಿ ಜೊತೆಗಾರ ಹಡಗು 'ಪಸಾಟ್'ನಲ್ಲೂ ಬಾರ್ಲಿ ಜಾರಿತು. ಅದು ಹೇಗೋ ಲಿಸ್ಬನ್ ಸೇರಿತು, ಆಮೇಲೆ ಅದನ್ನೂ ಸರಕು ಸಾಗಣೆಯಿಂದ ಬಿಡಿಸಲಾಯಿತು.